ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ನೆಲೆನಿಂತವರ ವಂಶಮೂಲ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

1800ರ ದಶಕಗಳಲ್ಲಿ ಅಯೋವಾ, ಕನ್ಸಾಸ್, ನೆಬ್ರಾಸ್ಕಾ, ಡಕೋಟಾ, ಆರೆಗಾನ್ ಕಡೆ ಗಾಡಿ ಕಟ್ಟಿಕೊಂಡು ಹೋಗಿ ನೆಲೆನಿಂತವರ ಹಿಂದಿನ ತಲೆಮಾರುಗಳನ್ನು ಹುಡುಕುವವರು ಕೇಳುವ ಪ್ರಶ್ನೆಗಳಿವು. ಅಮೆರಿಕನ್ ಸೊಸೆಯ, ಅಳಿಯನ, ಗಂಡನ ಕಡೆಯ ವಂಶಾವಳಿ ಬರೆಯಲು ಹೊರಟ ಕನ್ನಡಿಗರೂ ಇವರಲ್ಲಿದ್ದಾರೆ. ಮೊದಲೇ ಒಂದು ಮಾತು: ಈ ಕೆಲಸದಲ್ಲಿ ಹೆಸರಿಗಿಂತ ಊರು ದೊಡ್ಡದು. ಆ ಮನುಷ್ಯ ಯಾವ ವರ್ಷ ಯಾವ ಕೌಂಟಿಯಲ್ಲಿದ್ದ (ಕೌಂಟಿ ಎಂದರೆ ರಾಜ್ಯದೊಳಗಿನ ಜಿಲ್ಲೆಯಂಥ ಭಾಗ), ಅಕ್ಕಪಕ್ಕ ಯಾರಿದ್ದರು ಎಂಬುದು ಗೊತ್ತಾದರೆ ಅವನ ಅಪ್ಪ ಅಮ್ಮನ ಹತ್ತಿರ ಹೋಗುವ ದಾರಿ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ.

## ಶುರು ಮಾಡುವವರಿಗೆ

ಮನೆಯಲ್ಲಿ ಒಂದು ಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಆ ಹಳೆಯ ಹೆಸರಿನಿಂದ ಅಲ್ಲ, ಈಗಿರುವವರಿಂದ. ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಪ್ರತಿ ತಲೆಮಾರಿಗೂ "ಇವನು ಅವನ ಮಗ" ಎಂದು ಹೇಳುವ ಒಂದು ಕಾಗದವಾದರೂ ಕೈಯಲ್ಲಿರಬೇಕು. ಇಪ್ಪತ್ತನೇ ಶತಮಾನದ ಮರಣ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರಿನ ಕಾಲಮ್ ಇರುತ್ತದೆ. 1936ರಿಂದ ಈಚೆಗೆ ಸೋಷಿಯಲ್ ಸೆಕ್ಯುರಿಟಿಗೆ (ಸರ್ಕಾರದ ಪಿಂಚಣಿ ಯೋಜನೆ) ಹಾಕಿದ ಅರ್ಜಿಯಲ್ಲೂ ಇರುತ್ತದೆ, ಅದನ್ನು ತುಂಬಿದ್ದು ಸ್ವತಃ ಅರ್ಜಿದಾರರಾದ್ದರಿಂದ ಅದರ ತೂಕ ಹೆಚ್ಚು. ಮರಣ ಪ್ರಮಾಣಪತ್ರದಲ್ಲಿ ಮಾಹಿತಿ ಕೊಟ್ಟವರು ಯಾರೆಂದು ತಪ್ಪದೆ ನೋಡಿ. ಅಜ್ಜನ ತಾಯಿಯ ತವರು ಹೆಸರನ್ನು ಅಳಿಯನೊಬ್ಬ ಅಂದಾಜಿನಲ್ಲಿ ಹೇಳಿರಬಹುದು.

ನಾನಿರೋದು ಬೆಂಗಳೂರಲ್ಲಿ. ಅಮೆರಿಕಕ್ಕೆ ಹೋಗದೇ ಇದು ಆಗುತ್ತಾ?

ಬಹುಪಾಲು ಆಗುತ್ತದೆ. ವಂಶಾವಳಿ ದಾಖಲೆಗಳ ತಾಣ ಫ್ಯಾಮಿಲಿಸರ್ಚ್ ಉಚಿತ, ಲಾಗಿನ್ ಮಾಡಿಕೊಂಡರೆ ಸಾಕು. ಸಮಾಧಿಗಳಿಗೆ ಫೈಂಡ್ ಎ ಗ್ರೇವ್, ಹಳೆಯ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ, ಸರ್ಕಾರಿ ಜಮೀನಿನ ಹಕ್ಕುಪತ್ರಗಳಿಗೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಜನರಲ್ ಲ್ಯಾಂಡ್ ಆಫೀಸ್ ತಾಣ. ಇವಕ್ಕೆಲ್ಲ ದುಡ್ಡು ಬೇಡ. ಅಂಥದ್ದೇ ಇನ್ನೊಂದು ತಾಣ ಆನ್ಸೆಸ್ಟ್ರಿಗೆ ಚಂದಾ ಬೇಕು. ಫ್ಯಾಮಿಲಿಸರ್ಚ್‌ನ ಕೆಲವು ಚಿತ್ರಗಳು ಮನೆಯಿಂದ ತೆರೆಯುವುದಿಲ್ಲ, ಅವರ ಕೇಂದ್ರಕ್ಕೆ ಹೋಗಿ ನೋಡಬೇಕು. ಕೌಂಟಿ ಕೋರ್ಟಿನ ಬಿಡಿ ಕಾಗದದ ಕಟ್ಟುಗಳಿಗೆ ಮಾತ್ರ ಆ ಊರಿನಲ್ಲೇ ಇರುವ ಯಾರಾದರೂ ಬೇಕಾಗುತ್ತಾರೆ. ಕೌಂಟಿಯ ವಂಶಾವಳಿ ಸಂಘಕ್ಕೆ ಬರೆದು ನೋಡಿ.

ಜನಗಣತಿಯಲ್ಲಿ ಏನೇನು ಸಿಗುತ್ತೆ? ಯಾವ ವರ್ಷದ್ದು ಮೊದಲು ನೋಡಬೇಕು?

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ. ನೀವು ಹುಡುಕುತ್ತಿರುವವನು ಬದುಕಿದ್ದಾಗಿನ ಕೊನೆಯ ಗಣತಿಯಿಂದ ಹಿಂದಕ್ಕೆ ಬನ್ನಿ, ಒಂದನ್ನೂ ಬಿಡಬೇಡಿ.

1900ರದ್ದು ಬಲು ಉಪಯುಕ್ತ. ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು, ಹೊರಗಿನವರಾದರೆ ವಲಸೆ ಬಂದ ವರ್ಷ, ಎಲ್ಲವೂ ಅದರಲ್ಲಿದೆ. 1880ರದ್ದು ಮನೆಯ ಯಜಮಾನನಿಗೆ ಪ್ರತಿಯೊಬ್ಬರ ಸಂಬಂಧವನ್ನೂ, ಅವರ ತಂದೆ ತಾಯಿ ಹುಟ್ಟಿದ ರಾಜ್ಯವನ್ನೂ ಹೇಳುತ್ತದೆ. ಅದಕ್ಕಿಂತ ಹಿಂದಿನವು ಸಂಬಂಧ ಹೇಳುವುದಿಲ್ಲ. 1850, 1860, 1870ರ ಪಟ್ಟಿಗಳಲ್ಲಿ ಒಂದೇ ಮನೆಯಲ್ಲಿರುವ ಚಿಕ್ಕ ಹುಡುಗ ಮಗನೇ ಆಗಬೇಕಿಲ್ಲ. ತಮ್ಮನೋ, ಹೆಂಡತಿಯ ಮೊದಲ ಮದುವೆಯ ಮಗನೋ, ಕೆಲಸಕ್ಕಿದ್ದ ಹುಡುಗನೋ ಆಗಿರಬಹುದು. ಇನ್ನು 1840 ಮತ್ತು ಅದಕ್ಕಿಂತ ಹಿಂದಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರು ವಯಸ್ಸಿನ ಕಾಲಮ್‌ಗಳಲ್ಲಿ ಬರೀ ಸಂಖ್ಯೆಗಳು.

1890ರ ಗಣತಿ ಬಹುತೇಕ ಇಲ್ಲ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಕಾಮರ್ಸ್ ಇಲಾಖೆಯ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಹಾಳಾಗಿ, ಉಳಿದದ್ದೂ ಆಮೇಲೆ ನಾಶವಾಯಿತು. ಆ ಇಪ್ಪತ್ತು ವರ್ಷದ ಕಂದಕ ದಾಟಲು ರಾಜ್ಯಗಳ ಗಣತಿಗಳಿವೆ. ನೆಬ್ರಾಸ್ಕಾ ಮತ್ತು ಡಕೋಟಾದಲ್ಲಿ 1885ರದ್ದು, ಮಿನೆಸೋಟಾದಲ್ಲಿ 1885 ಮತ್ತು 1895ರದ್ದು. ಕನ್ಸಾಸಿನ 1875, 1885, 1895ರ ಗಣತಿಗಳಲ್ಲಿ "ಕನ್ಸಾಸಿಗೆ ಎಲ್ಲಿಂದ ಬಂದಿರಿ" ಎಂಬ ಕಾಲಮ್ಮೇ ಇದೆ. ಅಯೋವಾದ 1925ರ ಗಣತಿ ತಂದೆಯ ಹೆಸರು, ತಾಯಿಯ ತವರು ಹೆಸರು ಎರಡನ್ನೂ ಕೇಳುತ್ತದೆ. ಹಳೆಯ ಕುಟುಂಬದ ಒಬ್ಬ ಮಗನೋ ಮಗಳೋ ಆಗ ಅಯೋವಾದಲ್ಲಿ ಬದುಕಿದ್ದರೆ ಅದನ್ನೇ ಮೊದಲು ತೆರೆಯಿರಿ.

ಮಕ್ಕಳು ಹುಟ್ಟಿದ ರಾಜ್ಯ ನೋಡಿ ದಾರಿ ಕಂಡುಹಿಡೀಬಹುದು ಅಂತಾರೆ. ಹೇಗೆ?

ಚಾರ್ಲ್ಸ್ ಇಂಗಲ್ಸ್ ಎಂಬ ಪ್ರಸಿದ್ಧ ಅಲೆಮಾರಿ ರೈತನನ್ನು ತೆಗೆದುಕೊಳ್ಳಿ. 1836ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯೂಬಾ ಎಂಬಲ್ಲಿ ಹುಟ್ಟಿದವನು. ಅವನ ಮಕ್ಕಳಲ್ಲಿ ಮೇರಿ (1865) ಮತ್ತು ಲಾರಾ (1867) ವಿಸ್ಕಾನ್ಸಿನ್‌ನಲ್ಲಿ, ಕ್ಯಾರಿ (1870) ಕನ್ಸಾಸಿನಲ್ಲಿ, ಗ್ರೇಸ್ (1877) ಅಯೋವಾದಲ್ಲಿ ಹುಟ್ಟಿದರು. 1880ರ ಹೊತ್ತಿಗೆ ಮನೆ ಡಕೋಟಾದ ಡಿ ಸ್ಮೆಟ್‌ನಲ್ಲಿತ್ತು. ಹುಟ್ಟಿದ ಊರುಗಳನ್ನು ವಯಸ್ಸಿನ ಕ್ರಮದಲ್ಲಿ ಬರೆದರೆ ಅದೇ ಪ್ರಯಾಣದ ನಕ್ಷೆ. ಕ್ಯಾರಿಗೂ ಗ್ರೇಸಿಗೂ ನಡುವೆ ಏಳು ವರ್ಷದ ಅಂತರ ಕಾಣುತ್ತದಲ್ಲ, ಅಲ್ಲಿ ನಿಲ್ಲಬೇಕು. 1875ರಲ್ಲಿ ಮಿನೆಸೋಟಾದಲ್ಲಿ ಹುಟ್ಟಿ 1876ರಲ್ಲೇ ತೀರಿಕೊಂಡ ಗಂಡು ಮಗುವೊಂದಿತ್ತು. ಎರಡು ಗಣತಿಗಳ ನಡುವೆ ಬಂದು ಹೋದ ಆ ಮಗು ಯಾವ ಗಣತಿಯಲ್ಲೂ ಇಲ್ಲ. 1850ರಿಂದ 1880ರವರೆಗಿನ ಗಣತಿಗಳ ಜೊತೆ ಮರಣಪಟ್ಟಿ ಇದ್ದರೂ ಅದು ಗಣತಿಗೆ ಮುಂಚಿನ ಹನ್ನೆರಡು ತಿಂಗಳಿಗೆ ಮಾತ್ರ. ಮಕ್ಕಳ ನಡುವೆ ಮೂರು ವರ್ಷ ಮೀರಿದ ಅಂತರ ಕಂಡರೆ ಸಮಾಧಿ ಮತ್ತು ಚರ್ಚಿನ ದಾಖಲೆ ಹುಡುಕಿ.

ಹೆಸರು ಹಾಕಿ ಎಷ್ಟು ಹುಡುಕಿದರೂ ಸಿಗ್ತಾನೇ ಇಲ್ಲ. ಯಾಕೆ?

ಗಣತಿಯವನು ಕಿವಿಗೆ ಬಿದ್ದಂತೆ ಬರೆದ, ನೂರು ವರ್ಷದ ನಂತರ ಇನ್ನೊಬ್ಬರು ಕಣ್ಣಿಗೆ ಕಂಡಂತೆ ಓದಿ ಟೈಪ್ ಮಾಡಿದರು. ಎರಡು ಕಡೆಯೂ ತಪ್ಪಿಗೆ ಜಾಗವಿದೆ. ಸೌಂಡೆಕ್ಸ್ ಎಂಬ ಸಂಕೇತದಲ್ಲಿ ಒಂದೇ ಥರ ಕೇಳಿಸುವ ಹೆಸರುಗಳು ಒಂದೇ ಗುಂಪಿಗೆ ಬೀಳುತ್ತವೆ. ಸ್ಮಿತ್, ಶ್ಮಿಟ್ ಎರಡಕ್ಕೂ ಎಸ್ 530. ಆದರೆ ಮೊದಲ ಅಕ್ಷರವೇ ಬದಲಾದರೆ ಅದು ಕೈಕೊಡುತ್ತದೆ. ಆಗ ಮನೆತನದ ಹೆಸರನ್ನೇ ಬಿಟ್ಟು, ಮೊದಲ ಹೆಸರು, ಹುಟ್ಟಿದ ರಾಜ್ಯ, ವಯಸ್ಸು ಐದು ವರ್ಷ ಆಚೆ ಈಚೆ, ಕೌಂಟಿ ಇಷ್ಟೇ ಹಾಕಿ ಹುಡುಕಿ. ಅದೂ ಆಗದಿದ್ದರೆ ಕುಟುಂಬದಲ್ಲಿ ಅಪರೂಪದ ಹೆಸರಿನ ಮಗುವನ್ನು ಹುಡುಕಿ. ಕೊನೆಯ ದಾರಿ, ಆ ಟೌನ್‌ಶಿಪ್ಪಿನ (ಕೌಂಟಿಯ ಒಳಗಿನ ಒಂದು ಭಾಗ) ಗಣತಿ ಪುಟಗಳನ್ನು ಒಂದೊಂದಾಗಿ ತಿರುಗಿಸುವುದು. ಹಳ್ಳಿಗಾಡಿನ ಟೌನ್‌ಶಿಪ್ ಎಂದರೆ ಹಲವು ಕಡೆ ಇಪ್ಪತ್ತು ಮೂವತ್ತು ಪುಟ, ಒಂದು ಸಂಜೆಯ ಕೆಲಸ. ಅಕ್ಕಪಕ್ಕದವರ ಪರಿಚಯ ಪುಕ್ಕಟೆ ಸಿಗುತ್ತದೆ.

ನ್ಯೂಯಾರ್ಕ್ ಬಂದರಿನ ವಲಸಿಗರ ತಪಾಸಣಾ ಕೇಂದ್ರ ಎಲ್ಲಿಸ್ ಐಲ್ಯಾಂಡಿನಲ್ಲಿ ಅಧಿಕಾರಿಗಳು ಹೆಸರು ಬದಲಿಸಿಬಿಟ್ಟರಂತೆ, ನಿಜವಾ?

ಇಲ್ಲ. ಹೆಸರಿನ ಪಟ್ಟಿ ಹಡಗು ಹೊರಟ ಬಂದರಿನಲ್ಲೇ ತಯಾರಾಗುತ್ತಿತ್ತು. ಇಲ್ಲಿಯ ಅಧಿಕಾರಿಗಳು ಅದನ್ನು ಹಿಡಿದು ತಾಳೆ ನೋಡುತ್ತಿದ್ದರು. ಹೆಸರನ್ನು ಬದಲಿಸಿಕೊಂಡವರು ಬಂದವರೇ, ಬಂದ ಮೇಲೆ. ಅಲ್ಲದೆ ಎಲ್ಲಿಸ್ ಐಲ್ಯಾಂಡ್ ತೆರೆದದ್ದು 1892ರ ಜನವರಿ 1ರಂದು. ಅದಕ್ಕೂ ಮುಂಚೆ ನ್ಯೂಯಾರ್ಕಿಗೆ ಬಂದವರಲ್ಲಿ 1855ರಿಂದ 1890ರವರೆಗಿನವರು ಇಳಿದದ್ದು ಅದಕ್ಕೂ ಹಿಂದಿನ ವಲಸೆ ಕೇಂದ್ರ ಕ್ಯಾಸಲ್ ಗಾರ್ಡನ್‌ನಲ್ಲಿ.

## ಜಮೀನಿನ ಕಾಗದ

ಹೋಮ್‌ಸ್ಟೆಡ್ ಕಡತದಲ್ಲಿ ಅಂಥದ್ದೇನಿದೆ? ಹಕ್ಕುಪತ್ರ ಆಗಲೇ ಸಿಕ್ಕಿದೆ.

ಹಕ್ಕುಪತ್ರ ಒಂದೇ ಹಾಳೆ. ಅದರ ಹಿಂದಿನ ಕಡತ ಬೇರೆ, ಜೀವ ಇರುವುದು ಅದರಲ್ಲಿ.

ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ 1863ರ ಜನವರಿ 1ರಿಂದ ಜಾರಿಗೆ ಬಂತು. 21 ವರ್ಷ ತುಂಬಿದವರು ಅಥವಾ ಮನೆಯ ಯಜಮಾನರಾದವರು ಅರ್ಜಿ ಹಾಕಬಹುದಿತ್ತು. ಗಂಡನಿಲ್ಲದ ಹೆಂಗಸರಿಗೂ ಅವಕಾಶವಿತ್ತು. ಪೌರರಾಗಿರಬೇಕು, ಇಲ್ಲವೇ ಪೌರರಾಗುತ್ತೇವೆಂದು ಘೋಷಿಸಿರಬೇಕು. ಸಿಗುತ್ತಿದ್ದದ್ದು 160 ಎಕರೆ ಸರ್ಕಾರಿ ಜಮೀನು. ಐದು ವರ್ಷ ಅಲ್ಲೇ ವಾಸವಿದ್ದು, ಉತ್ತು ಬಿತ್ತಿ, ಇಬ್ಬರು ಸಾಕ್ಷಿಗಳಿಂದ ಅದನ್ನು ರುಜುವಾತು ಮಾಡಬೇಕಿತ್ತು.

ಆ ಸಾಕ್ಷಿ ಹೇಳಿಕೆಯನ್ನು ಒಮ್ಮೆ ಓದಿ ನೋಡಿ. ಮೊದಲ ಹೋಮ್‌ಸ್ಟೆಡ್ ರೈತನೆಂದು ಹೆಸರಾದ ಡೇನಿಯಲ್ ಫ್ರೀಮನ್‌ನ ಕಡತದಲ್ಲಿ ನೆಬ್ರಾಸ್ಕಾದ ಬಿಯಾಟ್ರಿಸ್ ಹತ್ತಿರದ ಅವನ ಮನೆ ಕಣ್ಣಿಗೆ ಕಟ್ಟುತ್ತದೆ. ಅರ್ಧ ಮರದ ದಿಮ್ಮಿ, ಅರ್ಧ ಹಲಗೆ, 14ಕ್ಕೆ 20 ಅಡಿ, ಎರಡು ಬಾಗಿಲು, ಎರಡು ಕಿಟಕಿ. ಉತ್ತದ್ದು ಸುಮಾರು 35 ಎಕರೆ. ಲಾಯ, ನೂರು ಅಡಿ ಉದ್ದದ ಕುರಿದೊಡ್ಡಿ, 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ.

ವಂಶ ಹುಡುಕುವವರಿಗೆ ಇದರಲ್ಲಿ ಬೇಕಾದದ್ದು ಮೂರು. ಅರ್ಜಿದಾರ ಹೊರಗಿನಿಂದ ಬಂದವನಾದರೆ ಪೌರತ್ವದ ಕಾಗದದ ಪ್ರತಿ ಕಡತದಲ್ಲೇ ಇರುತ್ತದೆ, ಅದರಿಂದ ಯಾವ ಕೋರ್ಟು, ಯಾವ ವರ್ಷ ಎಂದು ತಿಳಿಯುತ್ತದೆ. ಅರ್ಜಿದಾರ ನಡುವೆ ಸತ್ತಿದ್ದರೆ ವಿಧವೆ ಅಥವಾ ಮಕ್ಕಳು ಮುಂದುವರಿಸಿರುತ್ತಾರೆ, ಆಗ ಸಂಬಂಧ ಪ್ರಮಾಣ ಮಾಡಿ ಹೇಳಿದ್ದಾಗುತ್ತದೆ. ಮೂರನೆಯದು ಸಾಕ್ಷಿಗಳು. ಇವರು ದಾರಿಹೋಕರಲ್ಲ. ಭಾವಮೈದ, ಷಡ್ಡಕ, ಹಳೆಯ ಊರಿನ ನೆರೆಯವ, ಇಂಥವರೇ ಆಗಿರುವುದು ಉಂಟು. ನಿಮ್ಮವನು ಎಲ್ಲಿಂದ ಬಂದನೆಂದು ತಿಳಿಯದಿದ್ದರೆ ಸಾಕ್ಷಿಗಳು ಎಲ್ಲಿಂದ ಬಂದರೆಂದು ಹುಡುಕಿ.

ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿವೆ. ಆರ್ಡರ್ ಮಾಡುವಾಗ ರಾಜ್ಯ, ಲ್ಯಾಂಡ್ ಆಫೀಸಿನ ಹೆಸರು, ಹಕ್ಕುಪತ್ರದ ಸಂಖ್ಯೆ, ಸರ್ವೆ ವಿವರ ಇಷ್ಟೂ ಕೊಡಬೇಕು. ನೆಬ್ರಾಸ್ಕಾದ ಕಡತಗಳು ಸ್ಕ್ಯಾನ್ ಆಗಿ ಆನ್‌ಲೈನ್‌ನಲ್ಲೇ ಸಿಗುತ್ತವೆ. ಜಮೀನು ಕೈತಪ್ಪಿಹೋದವರಿಗೆ ಹಕ್ಕುಪತ್ರವೇ ಇಲ್ಲದ್ದರಿಂದ ಅವರು ಆನ್‌ಲೈನ್ ಸೂಚಿಯಲ್ಲಿ ಕಾಣುವುದಿಲ್ಲ. ಆದರೆ ರದ್ದಾದ ಅರ್ಜಿಗಳ ಕಡತಗಳೂ ಅದೇ ದಾಖಲಾಗಾರದಲ್ಲಿವೆ.

ಸೆಕ್ಷನ್, ಟೌನ್‌ಶಿಪ್, ರೇಂಜ್ ಅಂತೆಲ್ಲ ಬರೆದಿದೆ. ಇದನ್ನು ಓದೋದು ಹೇಗೆ?

ನಮ್ಮ ಪಹಣಿಯ ಸರ್ವೆ ನಂಬರಿನ ಹಾಗೆ ಇದೂ ಜಾಗದ ವಿಳಾಸ. ಟೌನ್‌ಶಿಪ್ ಎಂದರೆ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ. ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. ಎಣಿಕೆ ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ 6ರವರೆಗೆ ಹೋಗಿ, 6ರ ಕೆಳಗೆ 7 ಎಂದು ತಿರುಗಿ ಪೂರ್ವಕ್ಕೆ ಬರುತ್ತದೆ. ಹೀಗೇ ಹೊರಳುತ್ತಾ ಆಗ್ನೇಯ ಮೂಲೆಯಲ್ಲಿ 36. ಟೌನ್‌ಶಿಪ್ ಸಂಖ್ಯೆ ಆಧಾರರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟನೇ ಸಾಲು ಎಂದೂ, ರೇಂಜ್ ಸಂಖ್ಯೆ ಪ್ರಧಾನ ಮೆರಿಡಿಯನ್ ಎಂಬ ಉತ್ತರ ದಕ್ಷಿಣ ರೇಖೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟನೇ ಸಾಲು ಎಂದೂ ಹೇಳುತ್ತದೆ.

ಫ್ರೀಮನ್‌ನ ಜಮೀನು ಟೌನ್‌ಶಿಪ್ 4 ಉತ್ತರ, ರೇಂಜ್ 5 ಪೂರ್ವ, ಸೆಕ್ಷನ್ 26ರಲ್ಲಿ. ವಾಯವ್ಯ ಕಾಲುಭಾಗದ ದಕ್ಷಿಣಾರ್ಧ 80 ಎಕರೆ, ಅದೇ ಕಾಲುಭಾಗದ ಈಶಾನ್ಯ ಕಾಲು 40, ಈಶಾನ್ಯ ಕಾಲುಭಾಗದ ನೈಋತ್ಯ ಕಾಲು 40. ಕೂಡಿದರೆ 160. ವಿವರವನ್ನು ಹಿಂದಿನಿಂದ ಮುಂದಕ್ಕೆ ಓದಬೇಕು, ದೊಡ್ಡ ಚೌಕದಿಂದ ಚಿಕ್ಕದಕ್ಕೆ. ಎಕರೆಗಳನ್ನು ಕೂಡಿ ಒಟ್ಟು ತಾಳೆಯಾಗುತ್ತದೋ ನೋಡಿದರೆ ಓದಿದ್ದು ಸರಿಯೋ ತಪ್ಪೋ ಗೊತ್ತಾಗುತ್ತದೆ. ಎಷ್ಟನೇ ಪ್ರಧಾನ ಮೆರಿಡಿಯನ್ ಎಂಬುದನ್ನು ಬರೆದುಕೊಳ್ಳಲು ಮರೆಯಬೇಡಿ, ಅದಿಲ್ಲದೆ ಇದೇ ಸಂಖ್ಯೆಗಳು ಬೇರೆ ರಾಜ್ಯದಲ್ಲೂ ಬರುತ್ತವೆ.

ಜನರಲ್ ಲ್ಯಾಂಡ್ ಆಫೀಸ್ ತಾಣದಲ್ಲಿ ನಮ್ಮವರ ಹೆಸರೇ ಇಲ್ಲ. ಜಮೀನು ಇತ್ತು ಅಂತ ಮನೆಯಲ್ಲಿ ಹೇಳ್ತಾರೆ.

ಮೊದಲು ರಾಜ್ಯ ನೋಡಿ. ಮೂಲ ಹದಿಮೂರು ರಾಜ್ಯಗಳು, ಕೆಂಟಕಿ, ಟೆನೆಸಿ, ವರ್ಮಾಂಟ್, ಮೇನ್, ವೆಸ್ಟ್ ವರ್ಜೀನಿಯಾ ಮತ್ತು ಟೆಕ್ಸಾಸ್‌ಗಳಲ್ಲಿ ಫೆಡರಲ್ ಸರ್ಕಾರ ಜಮೀನು ಹಂಚಲಿಲ್ಲ. ಅಲ್ಲಿಯ ಕಾಗದ ರಾಜ್ಯದ್ದು, ಅಳತೆ ಬಹುತೇಕ ಚಕ್ಕುಬಂದಿಯದ್ದು: ಓಕ್ ಮರದಿಂದ ಹೊಳೆಯವರೆಗೆ, ಅಲ್ಲಿಂದ ಇಂಥವನ ಗಡಿಯವರೆಗೆ. ಟೆಕ್ಸಾಸಿನದ್ದು ಆಸ್ಟಿನ್‌ನಲ್ಲಿರುವ ರಾಜ್ಯದ ಸ್ವಂತ ಲ್ಯಾಂಡ್ ಆಫೀಸಿನಲ್ಲಿದೆ.

ಫೆಡರಲ್ ರಾಜ್ಯವೇ ಆಗಿದ್ದು ಹೆಸರಿಲ್ಲದಿದ್ದರೆ ಅವನು ರೈಲ್ವೆ ಕಂಪನಿಯಿಂದಲೋ ಮೊದಲ ಒಡೆಯನಿಂದಲೋ ಕೊಂಡಿರಬಹುದು. ಅದು ಕೌಂಟಿಯ ಕ್ರಯಪತ್ರದ ಪುಸ್ತಕದಲ್ಲಿರುತ್ತದೆ. ಆರೆಗಾನ್‌ಗೆ ಹೋದವರಿದ್ದರೆ ಅದೃಷ್ಟ. 1850ರ ಡೊನೇಷನ್ ಕಾಯ್ದೆಯಲ್ಲಿ ಒಂಟಿ ಗಂಡಸಿಗೆ 320 ಎಕರೆ, ದಂಪತಿಗೆ 640 ಎಕರೆ ಸಿಗುತ್ತಿದ್ದರಿಂದ, ಮದುವೆಯಾದ ದಿನ ಮತ್ತು ಊರು ಕಡತದಲ್ಲಿ ದಾಖಲಾಗಿರುತ್ತದೆ.

ಒಂದು ಎಚ್ಚರ: ಸೇನಾ ಸೇವೆಗೆ ಕೊಟ್ಟ ಜಮೀನಿನ ವಾರಂಟುಗಳನ್ನು ಸೈನಿಕರು ಮಾರಿಬಿಡುತ್ತಿದ್ದರು. ಹಕ್ಕುಪತ್ರದಲ್ಲಿ ಎರಡು ಹೆಸರಿದ್ದರೆ ಸೈನಿಕ ಒಬ್ಬ, ಜಮೀನು ಪಡೆದವ ಇನ್ನೊಬ್ಬ. ಆ ಸೈನಿಕ ಆ ರಾಜ್ಯವನ್ನು ಕಣ್ಣಿಂದ ನೋಡಿಯೂ ಇರಲಿಕ್ಕಿಲ್ಲ.

## ಕೋರ್ಟು, ಚರ್ಚು, ಹಡಗು

ಜನನ ಪ್ರಮಾಣಪತ್ರ ಕೇಳಿದರೆ "ಇಲ್ಲ" ಅಂತಾರೆ.

ಇರುವುದು ಸಾಧ್ಯವೂ ಇಲ್ಲ. ಮ್ಯಾಸಚೂಸೆಟ್ಸ್ 1841ರಲ್ಲೇ ರಾಜ್ಯಮಟ್ಟದ ನೋಂದಣಿ ಶುರುಮಾಡಿತು, ಆದರೆ ನೆಬ್ರಾಸ್ಕಾದಲ್ಲಿ ಅದು 1904ರಲ್ಲಿ, ಕನ್ಸಾಸಿನಲ್ಲಿ 1911ರಲ್ಲಿ. ಅದಕ್ಕೂ ಹಿಂದೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ, ಮನೆಯ ಬೈಬಲ್ಲಿನ ಪುಟ, ಸಮಾಧಿಯ ಕಲ್ಲು, ಪಿಂಚಣಿ ಕಡತ ಇವೇ ಗತಿ. ಬೈಬಲ್ ಸಿಕ್ಕರೆ ಅದು ಅಚ್ಚಾದ ವರ್ಷ ನೋಡಿ. 1860ರಲ್ಲಿ ಅಚ್ಚಾದ ಬೈಬಲ್ಲಿನಲ್ಲಿ 1820ರ ಜನನಗಳು ಒಂದೇ ಶಾಯಿಯಲ್ಲಿದ್ದರೆ ಅದು ನೆನಪಿನಿಂದ ಬರೆದದ್ದು.

ಹೆಂಡತಿಯ ತವರು ಹೆಸರು ಎಲ್ಲೂ ಇಲ್ಲ.

ಮದುವೆ ದಾಖಲೆ ಕೌಂಟಿಯಲ್ಲಿರುತ್ತದೆ, ಸಾಮಾನ್ಯವಾಗಿ ಹುಡುಗಿಯ ಕೌಂಟಿಯಲ್ಲಿ. ಕೆಂಟಕಿ, ಟೆನೆಸಿ, ವರ್ಜೀನಿಯಾಗಳಲ್ಲಿ ಮದುವೆಗೆ ಮುಂಚೆ ಬಾಂಡ್ ಬರೆಯುತ್ತಿದ್ದರು. ಜಾಮೀನು ನಿಂತವನು ಹಲವು ಸಲ ಹುಡುಗಿಯ ಅಪ್ಪ ಅಥವಾ ಅಣ್ಣ. ಬಾಂಡಿನ ದಿನವೇ ಮದುವೆಯ ದಿನವಲ್ಲ, ಅದನ್ನು ಹಾಗೆ ಬರೆಯಬೇಡಿ.

ಅದೂ ಇಲ್ಲದಿದ್ದರೆ ಒಬ್ಬ ಮಗುವಲ್ಲ, ಎಲ್ಲ ಮಕ್ಕಳ ಮರಣ ಪ್ರಮಾಣಪತ್ರ ತರಿಸಿ. ಗಂಡ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯಲ್ಲಿದ್ದರೆ ವಿಧವಾ ಪಿಂಚಣಿಗೆ ಅವಳು ಮದುವೆ ರುಜುವಾತು ಮಾಡಲೇಬೇಕಿತ್ತು. ಕಡತ ರಾಷ್ಟ್ರೀಯ ದಾಖಲಾಗಾರದಲ್ಲಿದೆ. ದಕ್ಷಿಣದ ಸೈನಿಕರಿಗೆ ಪಿಂಚಣಿ ಕೊಟ್ಟದ್ದು ಆಯಾ ರಾಜ್ಯ, ಆದ್ದರಿಂದ ಅಲ್ಲಿ ಕೇಳಿ. ಹೆಣ್ಣಿನ ಅಪ್ಪನ ಉಯಿಲಿನಲ್ಲಿ "ಮಗಳು ಇಂಥವನ ಹೆಂಡತಿ" ಎಂದು ಬಂದಿರುತ್ತದೆ, ಆದರೆ ಸೂಚಿಯಲ್ಲಿ ಅಪ್ಪನ ಹೆಸರಷ್ಟೇ ಇರುವುದರಿಂದ ನಿಮಗೆ ಕಾಣುವುದಿಲ್ಲ. ಅದಕ್ಕೇ ಮದುವೆಯ ಕಾಲದ ನೆರೆಹೊರೆಯ ಹಿರಿಯರ ಉಯಿಲುಗಳನ್ನೆಲ್ಲ ಓದಬೇಕಾಗುತ್ತದೆ.

ಕೌಂಟಿ ಕೋರ್ಟಿನಲ್ಲಿ "ಅಂಥವರ ದಾಖಲೆ ನಮ್ಮಲ್ಲಿಲ್ಲ" ಅಂದರು.

ಕುಟುಂಬ ಅಲ್ಲೇ ಇತ್ತು, ಗಡಿ ಸರಿದಿರಬಹುದು. ಕೌಂಟಿಗಳು ಒಡೆದು ಒಡೆದು ಹೊಸವಾಗುತ್ತಿದ್ದವು, ಹಳೆಯ ಪುಸ್ತಕಗಳು ತಾಯಿ ಕೌಂಟಿಯಲ್ಲೇ ಉಳಿದವು. ಷಿಕಾಗೊದ ನ್ಯೂಬೆರಿ ಲೈಬ್ರರಿ ತಯಾರಿಸಿದ ಕೌಂಟಿ ಗಡಿಗಳ ನಕ್ಷೆಯಲ್ಲಿ ಯಾವ ದಿನ ಗಡಿ ಎಲ್ಲಿತ್ತೆಂದು ಉಚಿತವಾಗಿ ನೋಡಬಹುದು. ಕೋರ್ಟು ಸುಟ್ಟುಹೋಗಿದ್ದರೂ ಕೈಚೆಲ್ಲಬೇಡಿ. ಬೆಂಕಿಯ ನಂತರ ಜನ ತಮ್ಮ ಕ್ರಯಪತ್ರಗಳನ್ನು ತಂದು ಮತ್ತೆ ನೋಂದಾಯಿಸಿದ್ದುಂಟು.

ಗಣತಿಯಲ್ಲಿ ಬರೀ "ನಾರ್ವೆ", "ಪ್ರಷ್ಯಾ", "ಐರ್ಲೆಂಡ್" ಅಂತಿದೆ. ಹಳ್ಳಿ ಗೊತ್ತಾಗೋದು ಹೇಗೆ?

ಹಳ್ಳಿಯನ್ನು ಅಮೆರಿಕದ ಕಾಗದದಲ್ಲೇ ಹುಡುಕಬೇಕು. ಹಳ್ಳಿ ತಿಳಿಯುವ ಮುಂಚೆ ಯೂರೋಪಿನ ದಾಖಲೆಗೆ ಹಾರಿದವರು ಅದೇ ಹೆಸರಿನ ಯಾರನ್ನೋ ಹಿಡಿದು ತರುತ್ತಾರೆ. 1906ರ ಸೆಪ್ಟೆಂಬರ್‌ಗಿಂತ ಹಿಂದಿನ ಪೌರತ್ವದ ಕಾಗದ ಬಹುತೇಕ ದೇಶದ ಹೆಸರಿಗೇ ನಿಲ್ಲುತ್ತದೆ. ಲೂಥರನ್ ಮತ್ತು ಕ್ಯಾಥೊಲಿಕ್ ಚರ್ಚಿನ ಪುಸ್ತಕ, ಅವರದೇ ಭಾಷೆಯ ಪತ್ರಿಕೆಯ ನಿಧನವಾರ್ತೆ, ಸಮಾಧಿಯ ಕಲ್ಲು ಇವು ಹಳ್ಳಿ ಹೇಳುತ್ತವೆ.

ನಾರ್ವೆಯವರಲ್ಲಿ ಲಾರ್ಸ್‌ನ ಮಗ ಓಲೆಯಾದರೆ ಅವನು ಓಲೆ ಲಾರ್ಸೆನ್, ಅವನ ಮಗ ಓಲ್ಸೆನ್. ಜೊತೆಗೆ ವಾಸವಿದ್ದ ಹೊಲಮನೆಯ ಹೆಸರು. ಆ ಹೊಲಮನೆಯ ಹೆಸರೇ ನಿಮ್ಮ ಕೀಲಿಕೈ. ಚರ್ಚಿನ ಪುಸ್ತಕಗಳು ನಾರ್ವೆಯ ಡಿಜಿಟಲ್‌ಆರ್ಕಿವೆಟ್ ತಾಣದಲ್ಲಿ ಉಚಿತ. ಜರ್ಮನರಲ್ಲಿ ಹ್ಯಾಂಬರ್ಗ್‌ನಿಂದ ಹೊರಟವರಾದರೆ 1850ರಿಂದ ಪ್ರಯಾಣಿಕರ ಪಟ್ಟಿ ಉಳಿದಿದೆ, ಕೊನೆಯ ಊರೂ ಅದರಲ್ಲಿದೆ. ಬ್ರೆಮೆನ್‌ನ ಪಟ್ಟಿಗಳು ಬಹುತೇಕ ನಾಶವಾದವು. ಐರ್ಲೆಂಡಿನ ದಾಖಲೆಮನೆ 1922ರಲ್ಲಿ ಡಬ್ಲಿನ್‌ನಲ್ಲಿ ಸುಟ್ಟುಹೋಯಿತು. ಹತ್ತೊಂಬತ್ತನೇ ಶತಮಾನದ ಗಣತಿಗಳು ಇಲ್ಲದ ಕಡೆ 1847ರಿಂದ 1864ರ ನಡುವಿನ ಗ್ರಿಫಿತ್ ಕಂದಾಯ ಪಟ್ಟಿ, ಕ್ಯಾಥೊಲಿಕ್ ಪ್ಯಾರಿಷ್ ಪುಸ್ತಕಗಳು ಆಧಾರ.

## ಗಟ್ಟಿ ಗಂಟುಗಳು

ಒಂದೇ ಕೌಂಟಿಯಲ್ಲಿ ಒಂದೇ ಹೆಸರಿನ ಇಬ್ಬರು. ನಮ್ಮವನು ಯಾರು?

ಇಬ್ಬರಿಗೂ ಬೇರೆ ಬೇರೆ ಹಾಳೆ ಇಟ್ಟು ಪ್ರತಿ ದಾಖಲೆಯನ್ನು ದಿನಾಂಕವಾರು ಬರೆಯಿರಿ. ಸರ್ವೆ ವಿವರ, ಹೆಂಡತಿಯ ಹೆಸರು, ಸಹಿಯೋ, ಸಹಿ ಬಾರದವರು ಹಾಕಿದ ಗುರುತೋ, ಸಾಕ್ಷಿಗಳು ಯಾರು, ಇವು ಮನುಷ್ಯನನ್ನು ಬೇರ್ಪಡಿಸುತ್ತವೆ. ಜಮೀನು ಮಾರುವಾಗ ಹೆಂಡತಿಯೂ ಸಹಿ ಹಾಕಬೇಕಿದ್ದುದರಿಂದ ಕ್ರಯಪತ್ರ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಹೆಸರಿನ ಮುಂದೆ ಸೀನಿಯರ್, ಜೂನಿಯರ್ ಎಂದಿದ್ದರೆ ಅಪ್ಪ ಮಗ ಎಂದು ತಿಳಿಯಬೇಡಿ. ಆ ಕಾಲದಲ್ಲಿ ಚಿಕ್ಕಪ್ಪ ಮತ್ತು ಅಣ್ಣನ ಮಗ, ಅಥವಾ ಸಂಬಂಧವೇ ಇಲ್ಲದ ಹಿರಿಯ ಕಿರಿಯರಿಗೂ ಹಾಗೆ ಬರೆಯುತ್ತಿದ್ದರು.

ಕನ್ಸಾಸಿಗೆ ಬಂದ ಕಪ್ಪು ಕುಟುಂಬ. 1870ಕ್ಕಿಂತ ಹಿಂದೆ ಯಾರೂ ಸಿಗುತ್ತಿಲ್ಲ.

1850 ಮತ್ತು 1860ರಲ್ಲಿ ಗುಲಾಮರನ್ನು ಒಡೆಯನ ಹೆಸರಿನಡಿ ವಯಸ್ಸು, ಲಿಂಗ, ಬಣ್ಣ ಎಂದಷ್ಟೇ ಪಟ್ಟಿ ಮಾಡಿದರು, ಹೆಸರಿಲ್ಲ. ಆ ಅನ್ಯಾಯ ಇವತ್ತಿಗೂ ಅವರ ಮೊಮ್ಮಕ್ಕಳ ದಾರಿಗೆ ಅಡ್ಡ ನಿಂತಿದೆ. ದಾಟುವ ದಾರಿಗಳಿವೆ. ಬಿಡುಗಡೆಯಾದ ಗುಲಾಮರಿಗಾಗಿ 1865ರಿಂದ 1874ರವರೆಗಿದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳಲ್ಲಿ ಖಾತೆದಾರರ ತಂದೆ ತಾಯಿ, ಒಡಹುಟ್ಟಿದವರು, ಹುಟ್ಟಿದ ಊರು ಬರೆದಿರುವುದುಂಟು. ಅವರಿಗಾಗಿಯೇ ಇದ್ದ ಸರ್ಕಾರಿ ಸಂಸ್ಥೆ ಫ್ರೀಡ್‌ಮನ್ಸ್ ಬ್ಯೂರೋದ ಕೂಲಿ ಕರಾರುಗಳು, ಕಪ್ಪು ಸೈನಿಕರ ಪಿಂಚಣಿ ಕಡತಗಳು ಇವೆ. ಕೊನೆಗೆ ಒಡೆಯನ ಉಯಿಲು ಮತ್ತು ಆಸ್ತಿಪಟ್ಟಿ, ಅದರಲ್ಲಿ ಜನರ ಹೆಸರು ಇರುತ್ತದೆ. ಕೊನೆಯ ಒಡೆಯನ ಮನೆತನದ ಹೆಸರನ್ನೇ ಎಲ್ಲರೂ ಇಟ್ಟುಕೊಳ್ಳಲಿಲ್ಲ ಎಂಬುದು ನೆನಪಿರಲಿ. 1877ರಲ್ಲಿ ಕಪ್ಪು ವಲಸಿಗರು ಕಟ್ಟಿದ ಕನ್ಸಾಸಿನ ನಿಕೋಡೆಮಸ್‌ನಂಥ ಊರುಗಳಲ್ಲಿ ಕೆಂಟಕಿಯ ಒಂದೇ ಭಾಗದಿಂದ ಬಂದ ಗುಂಪುಗಳಿದ್ದವು, ಆದ್ದರಿಂದ ನೆರೆಯವರ ಮೂಲವೂ ಹುಡುಕಿ.

ನಮ್ಮ ಮುತ್ತಜ್ಜಿ ಚೆರೋಕೀ ಅಂತ ಮನೆಯಲ್ಲಿ ಹೇಳ್ತಾರೆ.

ಚೆರೋಕೀ ಅಮೆರಿಕದ ಮೂಲನಿವಾಸಿ ಜನಾಂಗಗಳಲ್ಲೊಂದು. ಈ ಮಾತು ಎಷ್ಟೋ ಮನೆಗಳಲ್ಲಿದೆ, ದಾಖಲೆ ಇರುವುದು ಕೆಲವರಿಗೆ ಮಾತ್ರ. ಚೆರೋಕೀ, ಚಿಕಸಾ, ಚಾಕ್ಟಾ, ಕ್ರೀಕ್, ಸೆಮಿನೋಲ್ ಐದು ಜನಾಂಗಗಳಿಗೆ 1898ರಿಂದ 1914ರ ನಡುವೆ ಸರ್ಕಾರ ಮಾಡಿದ ಸದಸ್ಯರ ಪಟ್ಟಿ, ಡಾಸ್ ಪಟ್ಟಿ ನೋಡಿ. ಹೆಸರಷ್ಟೇ ಅಲ್ಲ, ಅರ್ಜಿಯ ಪೂರ್ತಿ ವಿಚಾರಣೆ ಓದಿ, ತಿರಸ್ಕೃತವಾದವೂ ಇವೆ.

ಜಮೀನು ಯಾರದಾಗಿತ್ತು ಎಂಬುದನ್ನೂ ವಂಶಾವಳಿಯಲ್ಲಿ ಬರೆಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. 1870ರಲ್ಲಿ ಇಂಗಲ್ಸ್ ಕುಟುಂಬ ಕನ್ಸಾಸಿನ ಮಾಂಟ್ಗೊಮರಿ ಕೌಂಟಿಯಲ್ಲಿ ಮನೆ ಕಟ್ಟಿಕೊಂಡಿದ್ದದ್ದು ಮೂಲನಿವಾಸಿಗಳಾದ ಓಸೇಜ್ ಜನರ ನೆಲದಲ್ಲಿ. ಅಲ್ಲಿ ಅವರಿಗೆ ಹಕ್ಕುಪತ್ರ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಅದೇ.

ಆನ್‌ಲೈನ್ ವಂಶವೃಕ್ಷದಲ್ಲಿ 1600ರವರೆಗೂ ಇದೆ. ನಂಬಬಹುದಾ?

ಸುಳಿವೆಂದು ತೆಗೆದುಕೊಳ್ಳಿ. ನೂರು ವೃಕ್ಷಗಳು ಒಂದೇ ಮಾತು ಹೇಳಿದರೂ ಮೂಲ ಒಂದೇ ಇರಬಹುದು. ತಾಯಿ ಸತ್ತ ಮೇಲೆ ಹುಟ್ಟಿದ ಮಗು, ಒಂದೇ ವರ್ಷ ಎರಡು ರಾಜ್ಯಗಳಲ್ಲಿ ಹುಟ್ಟಿದ ಇಬ್ಬರು ಮಕ್ಕಳು, ಇಂಥವು ಕಂಡರೆ ಇಬ್ಬರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿದ್ದಾರೆ ಎಂದರ್ಥ. ಸಾಮಾನ್ಯವಾಗಿ ಕೊಂಡಿ ಮುರಿಯುವುದು 1780ರಿಂದ 1850ರ ನಡುವೆ, ಅಲ್ಲೇ ಮೊದಲು ಪರೀಕ್ಷಿಸಿ. 1752ಕ್ಕಿಂತ ಹಿಂದೆ ಇಂಗ್ಲಿಷ್ ವಸಾಹತುಗಳಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ 1731ರ ಫೆಬ್ರವರಿ ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ 1732.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ನೇರವಾಗಿ ಗೊತ್ತಾಗುತ್ತಲ್ಲ?

ನೇರವಾಗಿ ಇಲ್ಲ. ಅಜ್ಜ ಅಜ್ಜಿಯರಲ್ಲಿ ಒಬ್ಬೊಬ್ಬರಿಂದ ಸರಾಸರಿ 25 ಶೇಕಡಾ, ಅವರ ಅಜ್ಜ ಅಜ್ಜಿಯರಲ್ಲಿ ಒಬ್ಬೊಬ್ಬರಿಂದ ಸುಮಾರು 6 ಶೇಕಡಾ ಬರುತ್ತದೆ. ಪ್ರತಿ ತಲೆಮಾರಿಗೂ ಅರ್ಧವಾಗುವುದರಿಂದ ಮನೆಯ ಅತಿ ಹಿರಿಯರನ್ನು ಮೊದಲು ಪರೀಕ್ಷೆಗೆ ಒಪ್ಪಿಸಿ. ಬೇರೊಬ್ಬರ ಡಿಎನ್‌ಎ ಜೊತೆ ಒಂದೇ ಒಂದು ಹೊಂದಾಣಿಕೆ ಸಿಕ್ಕರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಊಹಿಸಿದ ದಂಪತಿಯ ಬೇರೆ ಬೇರೆ ಮಕ್ಕಳಿಂದ ಬಂದ ಹಲವರು ನಿಮ್ಮೊಂದಿಗೆ ಹೊಂದಬೇಕು, ಅವರ ವೃಕ್ಷಗಳೂ ಕಾಗದದಿಂದ ಗಟ್ಟಿಯಾಗಿರಬೇಕು. ಗಂಡು ಸಾಲಿನ ಮನೆತನದ ಹೆಸರಿನ ಪ್ರಶ್ನೆಯಾದರೆ ವೈ ಕ್ರೋಮೋಸೋಮಿನ ಪರೀಕ್ಷೆ, ಅದಕ್ಕೆ ಮುರಿಯದ ಗಂಡು ಸಾಲಿನ ಒಬ್ಬ ಗಂಡಸು ಬೇಕು. ಪರೀಕ್ಷೆಗೆ ಕೂರುವವರಿಗೆ ಮುಂಚೆಯೇ ಹೇಳಿ: ಅಪ್ಪ ಎಂದುಕೊಂಡವರು ಅಪ್ಪನಲ್ಲ ಎಂಬುದೂ ಹೊರಬರಬಹುದು.

ಹುಡುಕಿ ಸಿಗದ್ದನ್ನೂ ಬರೆದಿಡಬೇಕಾ?

ಹೌದು. ಯಾವ ಪುಸ್ತಕ, ಯಾವ ಕೌಂಟಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಯಾವ ಸ್ಪೆಲಿಂಗ್‌ನಲ್ಲಿ ಹುಡುಕಿದಿರಿ, ಯಾವ ದಿನ, ಇಷ್ಟೂ ಬರೆಯಿರಿ. ಸೂಚಿ ನೋಡಿದ್ದೋ, ಪುಟ ತಿರುಗಿಸಿ ಓದಿದ್ದೋ ಎಂಬುದನ್ನೂ ಸೇರಿಸಿ. ಹೊಸ ಚಿತ್ರಗಳೂ ಹೊಸ ಸೂಚಿಗಳೂ ಬರುತ್ತಲೇ ಇರುತ್ತವೆ, ಎರಡು ವರ್ಷ ಬಿಟ್ಟು ಅದೇ ಪಟ್ಟಿ ಹಿಡಿದು ಮತ್ತೆ ಕೂರಿ. ಸೂಚಿ ಮಾತ್ರ ನೋಡಿದ್ದ ಸಾಲುಗಳಿಂದ ಶುರು ಮಾಡಿ.